ಹಲವರು ತಿದ್ದಿದ ಬರಹವನ್ನು ಒಂದುಗೂಡಿಸುವ ಬಗೆ



ಈ ದಿನದ ವಿಷಯವನ್ನು ಒಂದು ತಪ್ಪಿನಿಂದ ಆರಂಭಿಸುತ್ತೇನೆ. ತಪ್ಪು ನನ್ನದೇ. ಕೆಲವು ವರ್ಷಗಳ ಹಿಂದೆ ನಾವು ಮೂವರು ಅಧ್ಯಾಪಕರು ಸೇರಿ ರಸಾಯನಶಾಸ್ತ್ರದ ಪ್ರಯೋಗಗಳ ಒಂದು ಕೈಪಿಡಿಯನ್ನು ಕನ್ನಡದಲ್ಲಿ ಸಿದ್ಧಪಡಿಸುತ್ತಿದ್ದೆವು. ಕರಡು ನನ್ನದು. ಒಂದು ಸೋಮವಾರ ಅದರ ಒಂದೊಂದು ನಕಲನ್ನು ಇಬ್ಬರು ಸಹೋದ್ಯೋಗಿಗಳಿಗೂ ಇ-ಮೇಲ್ ಮೂಲಕ ಕಳಿಸಿ, ದಯವಿಟ್ಟು ತಿದ್ದಿಕೊಡಿ ಎಂದು ಕೇಳಿಕೊಂಡೆ. ಒಬ್ಬರು ನಮಗೆಲ್ಲ ಹಿರಿಯರಾದ ಮೇಷ್ಟ್ರು. ಬುಧವಾರವೇ ತಿದ್ದಿ ಕಳಿಸಿದರು. ನನ್ನ ಹಳೆಯ ಫೈಲನ್ನು ತೆಗೆದು ಅವರದನ್ನು ಆ ಜಾಗದಲ್ಲಿ ಇಟ್ಟುಕೊಂಡೆ. ಇನ್ನೊಬ್ಬರು ಮೇಡಂ, ಬಹಳ ಎಚ್ಚರಿಕೆಯಿಂದ ಓದುವವರು. ಅವರ ಫೈಲು ಶನಿವಾರ ಬಂತು. ಹತ್ತಾರು ಕಡೆ ಕಾಗುಣಿತ ಸರಿಯಾಗಿತ್ತು, ಎರಡು ಮೂರು ವಾಕ್ಯಗಳು ಸ್ಪಷ್ಟವಾಗಿದ್ದವು. ಕೊನೆಗೆ ಬಂದದ್ದೇ ಹೊಸದು ಎಂದು ಭಾವಿಸಿ, ಮೇಷ್ಟ್ರ ಫೈಲಿನ ಜಾಗದಲ್ಲಿ ಅದನ್ನಿಟ್ಟು, ಜೆರಾಕ್ಸ್ ಅಂಗಡಿಗೆ ಕೊಟ್ಟೆ. 120 ಪ್ರತಿಗಳು ಸಿದ್ಧವಾಗಿ ಬಂದವು.

ಪ್ರತಿಗಳ ಕಟ್ಟು ಬಿಚ್ಚಿದವರು ನಮ್ಮ ಪ್ರಯೋಗಾಲಯದ ಅಟೆಂಡರ್. ಒಂದು ಪುಟದಲ್ಲಿ ಬೆರಳಿಟ್ಟುಕೊಂಡು ಬಂದು ಕೇಳಿದರು: "ಸಾರ್, ಇದರಲ್ಲಿ ಆಸಿಡ್ಡಿಗೆ ನೀರು ಹಾಕಿ ಅಂತ ಇದೆಯಲ್ಲ ಸಾರ್? ಹಾಗೆ ಮಾಡಬೇಡಿ ಅಂತ ನೀವೇ ಹುಡುಗರಿಗೆ ಬೈತೀರಲ್ಲ?"

ನೋಡಿದೆ. ಗಂಧಕಾಮ್ಲವನ್ನು ಸಾರಗುಂದಿಸುವ ಪ್ರಯೋಗ. ವಿಜ್ಞಾನ ಓದುವ ನಿಮಗೆ ಇದು ಗೊತ್ತು: ಪ್ರಬಲ ಗಂಧಕಾಮ್ಲಕ್ಕೂ ನೀರಿಗೂ ಸೇರಿದಾಗ ಬಹಳ ಶಾಖ ಹುಟ್ಟುತ್ತದೆ. ಆ ಆಮ್ಲದ ಸಾಂದ್ರತೆ ನೀರಿನದರ 1.84ರಷ್ಟು. ಆಮ್ಲದ ಮೇಲೆ ನೀರು ಸುರಿದರೆ ಹಗುರವಾದ ನೀರು ಮೇಲೆಯೇ ನಿಂತು, ಅಲ್ಲೇ ಕುದಿದು, ಆಮ್ಲದ ಹನಿಗಳನ್ನು ಮುಖಕ್ಕೆ ಎರಚುತ್ತದೆ. ಆದ್ದರಿಂದ ಯಾವಾಗಲೂ ನೀರಿಗೆ ಆಮ್ಲವನ್ನು ಸ್ವಲ್ಪಸ್ವಲ್ಪವಾಗಿ ಸೇರಿಸಬೇಕು. ಕರಡು ಬರೆಯುವ ಭರದಲ್ಲಿ ನಾನು ತಿರುವುಮುರುವಾಗಿ ಬರೆದಿದ್ದೆ. ಮೇಷ್ಟ್ರು ಬುಧವಾರವೇ ಅದನ್ನು ಸರಿಪಡಿಸಿದ್ದರು. ಮೇಡಂ ಓದಿದ್ದು ಸೋಮವಾರದ ಕರಡನ್ನು. ಅವರು ಭಾಷೆಯನ್ನು ನೋಡುವುದೆಂದು ಮೊದಲೇ ಮಾತಾಗಿತ್ತು. ಅವರ ಫೈಲಿನಲ್ಲಿ ಆ ಸಾಲು ನಾನು ಬರೆದ ಹಾಗೆಯೇ ಉಳಿದಿತ್ತು. ಮೇಷ್ಟ್ರ ತಿದ್ದುಪಡಿಯನ್ನು ಅಳಿಸಿದ್ದು ನಾನು. ಅಳಿಸುತ್ತಿದ್ದೇನೆಂದು ತಿಳಿಯದೆ ಅಳಿಸಿದ್ದೆ. ಆ ಸಂಜೆ ನಾನೂ ಅಟೆಂಡರೂ ಕುಳಿತು 120 ಪ್ರತಿಗಳಿಗೂ ತಿದ್ದೋಲೆಯ ಚೀಟಿ ಅಂಟಿಸಿದೆವು.

ಇಬ್ಬರೂ ಚೆನ್ನಾಗಿ ತಿದ್ದಿದ್ದರು. ಕೆಟ್ಟದ್ದು ಅವರ ಕೆಲಸವನ್ನು ಕೂಡಿಸುವಲ್ಲಿ. ಹಲವರು ತಿದ್ದಿದ ಪ್ರತಿಗಳನ್ನು ಮೂಲ ಪಠ್ಯಕ್ಕೆ ತಂದು ಸೇರಿಸುವುದು ಹೇಗೆ, ಈ ಕೆಲಸದಲ್ಲಿ ಕಂಪ್ಯೂಟರು ಎಷ್ಟು ದೂರ ನೆರವಾಗುತ್ತದೆ, ಎಲ್ಲಿ ಕೈಬಿಡುತ್ತದೆ ಎಂಬುದನ್ನು ಈಗ ನೋಡೋಣ. ಕಾಲೇಜಿನ ವಾರ್ಷಿಕ ಸಂಚಿಕೆ ಮಾಡುವವರಿಗೆ, ಗುಂಪಾಗಿ ಪ್ರಾಜೆಕ್ಟ್ ವರದಿ ಬರೆಯುವವರಿಗೆ, ಕಂಪ್ಯೂಟರ್ ಪ್ರೋಗ್ರಾಂ ಬರೆಯುವವರಿಗೆ, ಎಲ್ಲರಿಗೂ ಇದು ಬೇಕಾಗುತ್ತದೆ.

ಮೊದಲು 'ಮೂಲ ಪಠ್ಯ' ಎಂದರೇನು ಎಂಬುದು ಸ್ಪಷ್ಟವಾಗಬೇಕು. ಸರಳ ಪಠ್ಯದ ಫೈಲಿನಲ್ಲಿ ಅಕ್ಷರಗಳು, ಜಾಗಗಳು, ಸಾಲು ಮುಗಿಯಿತೆಂಬ ಗುರುತುಗಳು ಇರುತ್ತವೆ, ಬೇರೇನೂ ಇಲ್ಲ. ದಪ್ಪ ಅಕ್ಷರ ಬೇಕಾದರೆ, ಶೀರ್ಷಿಕೆ ಬೇಕಾದರೆ ಅದನ್ನೂ ಅಕ್ಷರಗಳಲ್ಲೇ ಗುರುತುಹಾಕಿ ಹೇಳುತ್ತೇವೆ. ಅಮೆರಿಕದ ಗಣಿತಜ್ಞ ಡೊನಾಲ್ಡ್ ಕನೂತ್ 1978ರಲ್ಲಿ ಹೊರತಂದ ಟೆಕ್ ಎಂಬ ಅಕ್ಷರಜೋಡಣೆಯ ವ್ಯವಸ್ಥೆ ಹೀಗೆಯೇ ಕೆಲಸ ಮಾಡುತ್ತದೆ. ಲೇಖಕ ಬರೆಯುವುದು ಸರಳ ಪಠ್ಯ. ಅದರಿಂದ ಅಚ್ಚಿನ ಪುಟವನ್ನು ತಯಾರಿಸುವುದು ಯಂತ್ರ. ಅಂತರಜಾಲದ ಪುಟಗಳನ್ನು ಬರೆಯುವ ಎಚ್‌ಟಿಎಂಎಲ್ ಕೂಡ ಇದೇ ಜಾತಿಯದು. ಫೋಟೊ ಸ್ಟುಡಿಯೋಗಳಲ್ಲಿ ಹಿಂದೆ ನೆಗೆಟಿವ್ ಎಂದೊಂದು ಇರುತ್ತಿತ್ತಲ್ಲ, ಮೂಲ ಪಠ್ಯ ಅದರ ಹಾಗೆ. ಮುದ್ರಿತವಾದ ಫೋಟೊದ ಮೇಲೆ ನೀವು ಎಷ್ಟೇ ಬಣ್ಣ ಬಳಿದರೂ ನೆಗೆಟಿವ್ ಬದಲಾಗುವುದಿಲ್ಲ. ಮತ್ತೊಂದು ಪ್ರತಿ ತೆಗೆಸಿದರೆ ಹಳೆಯ ಚಿತ್ರವೇ ಬರುತ್ತದೆ. ಹಾಗೆಯೇ ಅಚ್ಚಾದ ಪುಟದ ಮೇಲೆ, ಅಥವಾ ಬೇರೆ ರೂಪಕ್ಕೆ ಬದಲಾಯಿಸಿ ಕಳಿಸಿದ ಫೈಲಿನಲ್ಲಿ ಗೆಳೆಯರು ಮಾಡಿದ ತಿದ್ದುಪಡಿ ಮೂಲಕ್ಕೆ ತಾನಾಗಿ ಬರುವುದಿಲ್ಲ. ಯಾರಾದರೂ ಅದನ್ನು ಹೊತ್ತು ತರಬೇಕು.

ಹೊತ್ತು ತರಬೇಕಾದರೆ ಏನು ಬದಲಾಗಿದೆ ಎಂದು ಮೊದಲು ಗೊತ್ತಾಗಬೇಕು. ಎರಡು ಫೈಲುಗಳನ್ನು ಹೋಲಿಸುವುದು ಏನು ಮಹಾ, ಒಂದನೆಯ ಸಾಲನ್ನು ಒಂದನೆಯ ಸಾಲಿಗೆ, ಎರಡನೆಯದನ್ನು ಎರಡನೆಯದಕ್ಕೆ ಹಿಡಿದು ನೋಡಿದರಾಯಿತು ಎಂದು ನಿಮಗೆ ಅನ್ನಿಸಬಹುದು. ಅದು ಸಾಲದು. ತರಗತಿಯ ಹಾಜರಿ ಪುಸ್ತಕದಲ್ಲಿ ಮೂರನೆಯ ಜಾಗಕ್ಕೆ ಹೊಸ ವಿದ್ಯಾರ್ಥಿಯೊಬ್ಬನ ಹೆಸರು ಸೇರಿದರೆ ಅಲ್ಲಿಂದ ಮುಂದಕ್ಕೆ ಎಲ್ಲರ ಕ್ರಮಸಂಖ್ಯೆಯೂ ಬದಲಾಗುತ್ತದೆ. ಹಾಗೆಂದು ಇಡೀ ತರಗತಿಯೇ ಬದಲಾಯಿತು ಎನ್ನುತ್ತೇವೆಯೆ? ಒಂದು ಚಿಕ್ಕ ಉದಾಹರಣೆ ತೆಗೆದುಕೊಳ್ಳಿ. ಒಂದೊಂದು ಅಕ್ಷರವೂ ಒಂದು ಸಾಲು ಎಂದುಕೊಳ್ಳೋಣ.

ಮೊದಲ ಫೈಲು: ಕ ಖ ಗ ಘ ಙ
ಎರಡನೆಯ ಫೈಲು: ಕ ಚ ಖ ಗ ಙ

ಸ್ಥಾನ ನೋಡಿ ಹೋಲಿಸಿದರೆ ಎರಡು, ಮೂರು, ನಾಲ್ಕನೆಯ ಸ್ಥಾನಗಳು ಮೂರೂ ಬೇರೆ ಕಾಣುತ್ತವೆ. ನಿಜವಾಗಿ ಆಗಿರುವುದು ಇಷ್ಟೇ: 'ಚ' ಹೊಸದಾಗಿ ಸೇರಿದೆ, 'ಘ' ಹೋಗಿದೆ. ಇದನ್ನು ಕಂಡುಹಿಡಿಯುವ ಉಪಾಯವೆಂದರೆ, ಎರಡರಲ್ಲೂ ಅದೇ ಕ್ರಮದಲ್ಲಿ ಬರುವ ಅತ್ಯಂತ ಉದ್ದವಾದ ಸಾಮಾನ್ಯ ಸರಣಿಯನ್ನು ಹುಡುಕುವುದು. ಇಲ್ಲಿ ಅದು 'ಕ ಖ ಗ ಙ'. ಈ ಸರಣಿಗೆ ಸೇರದೆ ಮೊದಲ ಫೈಲಿನಲ್ಲಿ ಉಳಿದದ್ದು ಅಳಿಸಿದ ಭಾಗ. ಎರಡನೆಯದರಲ್ಲಿ ಉಳಿದದ್ದು ಸೇರಿಸಿದ ಭಾಗ. ಸಾವಿರಾರು ಸಾಲುಗಳ ಫೈಲಿನಲ್ಲಿ ಈ ಸರಣಿಯನ್ನು ಬೇಗ ಹುಡುಕುವುದು ಗಣಿತದ ದೃಷ್ಟಿಯಿಂದಲೂ ರುಚಿಕರವಾದ ಸಮಸ್ಯೆ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1974ರ ಹೊತ್ತಿಗೆ ಯುನಿಕ್ಸ್ ವ್ಯವಸ್ಥೆಗೆ 'ಡಿಫ್' ಎಂಬ ಪುಟ್ಟ ಸಲಕರಣೆ ಸೇರಿತು. ಅದರ ಒಳಗಿನ ವಿಧಾನವನ್ನು ಜೇಮ್ಸ್ ಹಂಟ್ ಮತ್ತು ಡಗ್ಲಸ್ ಮೆಕಿಲ್‌ರಾಯ್ 1976ರ ವರದಿಯಲ್ಲಿ ವಿವರಿಸಿದರು. ಇಂದಿಗೂ ಆ ಹೆಸರಿನ ಸಲಕರಣೆ ಬಳಕೆಯಲ್ಲಿದೆ.

ವ್ಯತ್ಯಾಸ ಗೊತ್ತಾಯಿತು. ಅಷ್ಟರಿಂದ ಕೆಲಸ ಮುಗಿಯಿತೆ? ಇಲ್ಲ. ನಾನು ನಿಮಗೆ ಹೇಳಬೇಕೆಂದಿರುವ ಮುಖ್ಯ ಮಾತು ಇಲ್ಲಿದೆ.

ನಾನು ಆ ಶನಿವಾರ ಮೇಷ್ಟ್ರ ಫೈಲನ್ನೂ ಮೇಡಂ ಫೈಲನ್ನೂ ಡಿಫ್‌ಗೆ ಕೊಟ್ಟಿದ್ದರೆ ಏನಾಗುತ್ತಿತ್ತು? ಒಂದರಲ್ಲಿ 'ನೀರಿಗೆ ಆಮ್ಲ' ಎಂದಿದೆ, ಇನ್ನೊಂದರಲ್ಲಿ 'ಆಮ್ಲಕ್ಕೆ ನೀರು' ಎಂದಿದೆ ಎಂದು ಅದು ತೋರಿಸುತ್ತಿತ್ತು. ಸರಿ, ರಸಾಯನಶಾಸ್ತ್ರ ಓದಿದವನಾದ್ದರಿಂದ ಯಾವುದು ಸರಿ ಎಂದು ನಾನು ಹೇಳಬಲ್ಲೆ. ಆದರೆ ಒಂದರಲ್ಲಿ 10 ಮಿಲಿಲೀಟರ್, ಇನ್ನೊಂದರಲ್ಲಿ 15 ಮಿಲಿಲೀಟರ್ ಎಂದಿದ್ದರೆ? ಮೇಷ್ಟ್ರು 10ನ್ನು 15 ಮಾಡಿದರೋ, ಮೇಡಂ 15ನ್ನು 10 ಮಾಡಿದರೋ? ಎರಡು ಪ್ರತಿಗಳನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಉತ್ತರ ಸಿಗುವುದಿಲ್ಲ. ಒಂದರಲ್ಲಿ ಇರುವ ಪ್ಯಾರಾ ಇನ್ನೊಂದರಲ್ಲಿ ಇಲ್ಲದಿದ್ದರೂ ಇದೇ ಗತಿ; ಒಬ್ಬರು ಸೇರಿಸಿದರೆ, ಇನ್ನೊಬ್ಬರು ತೆಗೆದುಹಾಕಿದರೆ? ಉತ್ತರ ಇರುವುದು ಮೂರನೆಯ ಪ್ರತಿಯಲ್ಲಿ, ಅಂದರೆ ಇಬ್ಬರೂ ಎಲ್ಲಿಂದ ಹೊರಟರೋ ಆ ಸೋಮವಾರದ ಪ್ರತಿಯಲ್ಲಿ. ಅದನ್ನು 'ಹೊರಟ ಪ್ರತಿ' ಎಂದು ಕರೆಯೋಣ. ನಾನು ಎಸೆದದ್ದು ಅದನ್ನೇ.

ಕಾರ್ಯಕ್ರಮದಲ್ಲಿ ತೆರೆಯ ಮೇಲೆ ತೋರಿಸಿದ ಹಾಳೆಯನ್ನು ಇಲ್ಲಿ ಅಚ್ಚುಹಾಕಿದೆ. ಹೊರಟ ಪ್ರತಿ ಹೀಗಿತ್ತು:

1. ಬೀಕರನ್ನು ತೊಳೆದು ಒಣಗಿಸಿ.
2. ಆಮ್ಲಕ್ಕೆ ನಿಧಾನವಾಗಿ ನೀರು ಸೇರಿಸಿ.
3. ಗಾಜಿನ ಕಡ್ಡಿಯಿಂದ ಕಲಕಿ.
4. ತಣಗಾದ ನಂತರ ಶೀಷೆಗೆ ತುಂಬಿ.

ಮೇಷ್ಟ್ರು ಎರಡನೆಯ ಸಾಲನ್ನು 'ನೀರಿಗೆ ನಿಧಾನವಾಗಿ ಆಮ್ಲ ಸೇರಿಸಿ' ಎಂದು ಬದಲಿಸಿದರು. ಮಿಕ್ಕ ಮೂರನ್ನು ಮುಟ್ಟಲಿಲ್ಲ. ಮೇಡಂ ನಾಲ್ಕನೆಯ ಸಾಲನ್ನು 'ತಣ್ಣಗಾದ ನಂತರ ಶೀಷೆಗೆ ತುಂಬಿ, ಹೆಸರಿನ ಚೀಟಿ ಅಂಟಿಸಿ' ಎಂದು ಬದಲಿಸಿದರು. ಮಿಕ್ಕ ಮೂರನ್ನು ಮುಟ್ಟಲಿಲ್ಲ. ಈಗ ಒಂದೊಂದು ಸಾಲಿಗೂ ಮೂರು ಪ್ರತಿಗಳನ್ನು ಎದುರಿಟ್ಟು ಕೇಳುತ್ತ ಹೋಗಿ. ಒಂದನೆಯ ಸಾಲು ಮೂರರಲ್ಲೂ ಒಂದೇ, ಹಾಗೆಯೇ ಇರಲಿ. ಎರಡನೆಯ ಸಾಲು ಮೇಡಂ ಪ್ರತಿಯಲ್ಲಿ ಹೊರಟಾಗ ಇದ್ದಂತೆಯೇ ಇದೆ, ಮೇಷ್ಟ್ರದರಲ್ಲಿ ಬದಲಾಗಿದೆ. ಆದ್ದರಿಂದ ಮೇಷ್ಟ್ರದು ನಿಲ್ಲಬೇಕು. ನಾಲ್ಕನೆಯದು ಇದಕ್ಕೆ ತದ್ವಿರುದ್ಧ; ಮೇಡಂ ಅವರದು ನಿಲ್ಲಬೇಕು. ಇಬ್ಬರೂ ಒಂದೇ ಸಾಲನ್ನು ಒಂದೇ ರೀತಿ ತಿದ್ದಿದ್ದರೆ ಜಗಳವೇ ಇಲ್ಲ. ಇಬ್ಬರೂ ಅದೇ ಸಾಲನ್ನು ಬೇರೆ ಬೇರೆಯಾಗಿ ತಿದ್ದಿದ್ದರೆ ಮಾತ್ರ ಯಂತ್ರಕ್ಕೆ ದಿಕ್ಕು ತೋಚುವುದಿಲ್ಲ. ಅದು ಎರಡನ್ನೂ ಮುಂದಿಟ್ಟು 'ನೀವೇ ನೋಡಿ' ಎನ್ನುತ್ತದೆ. ಇದಕ್ಕೆ ತಿಕ್ಕಾಟ ಎನ್ನೋಣ.

ಇದೇ ಮೂರು ದಾರಿಯ ಕೂಡಿಕೆ. 'ಡಿಫ್3' ಎಂಬ ಸಲಕರಣೆ 1979ರ ಯುನಿಕ್ಸ್‌ನಲ್ಲಿಯೇ ಬಂದಿತ್ತು. ಉಪಾಯ ಎಷ್ಟು ಸರಳ ನೋಡಿ: ಹಾಳೆಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೈಯಲ್ಲೂ ಮಾಡಬಹುದು. ಹೊರಟ ಪ್ರತಿ ಇದ್ದರೆ ಮಾತ್ರ. ಅದಿಲ್ಲದೆ ಜಗತ್ತಿನ ಅತ್ಯಂತ ದುಬಾರಿ ಕಂಪ್ಯೂಟರೂ ಇದನ್ನು ಮಾಡಲಾರದು.

ಒಂದು ಸೂಕ್ಷ್ಮವನ್ನೂ ಹೇಳಿಬಿಡುತ್ತೇನೆ. ಮೇಡಂ ನಾಲ್ಕನೆಯ ಸಾಲಿನ ಬದಲು ಮೂರನೆಯದನ್ನು ತಿದ್ದಿದ್ದರೆ, ಅದು ಮೇಷ್ಟ್ರು ತಿದ್ದಿದ ಸಾಲಿಗೆ ಅಂಟಿಕೊಂಡೇ ಇರುವುದರಿಂದ ಈ ಬಗೆಯ ಹಲವು ಸಲಕರಣೆಗಳು ತಿಕ್ಕಾಟ ಎಂದೇ ಸಾರುತ್ತವೆ. ಎರಡು ಬದಲಾವಣೆಗಳ ನಡುವೆ ಬದಲಾಗದ ಸಾಲೊಂದು ಗಡಿಕಲ್ಲಿನಂತೆ ಇರಬೇಕೆಂದು ಅವು ಬಯಸುತ್ತವೆ. ಅತಿಯಾದ ಎಚ್ಚರಿಕೆ ಎನ್ನಿಸಬಹುದು. ಆಮ್ಲದ ವಿಷಯದಲ್ಲಿ ನಾನಂತೂ ದೂರುವುದಿಲ್ಲ.

ಬದಲಾವಣೆಯನ್ನು ಕಳಿಸುವುದು ಹೇಗೆ ಎಂಬ ಪ್ರಶ್ನೆಗೂ ಒಂದು ಸ್ವಾರಸ್ಯಕರ ಇತಿಹಾಸವಿದೆ. 1985ರಲ್ಲಿ ಲ್ಯಾರಿ ವಾಲ್ ಎಂಬವರು 'ಪ್ಯಾಚ್' ಎಂಬ ಪ್ರೋಗ್ರಾಂ ಬರೆದರು. ಪ್ಯಾಚ್ ಎಂದರೆ ತೇಪೆ. ಇಡೀ ಅಂಗಿಯನ್ನು ಕಳಿಸುವ ಬದಲು ತೇಪೆಯನ್ನಷ್ಟೇ ಕಳಿಸುವ ಉಪಾಯ ಇದು. ಡಿಫ್ ಕೊಟ್ಟ ವ್ಯತ್ಯಾಸದ ಪಟ್ಟಿಯನ್ನಷ್ಟೇ ಗೆಳೆಯನಿಗೆ ಕಳಿಸಿದರೆ, ಪ್ಯಾಚ್ ಅದನ್ನು ಓದಿ ಅವನ ಫೈಲಿನಲ್ಲಿ ಸರಿಯಾದ ಜಾಗಕ್ಕೆ ಹೊಲಿಯುತ್ತದೆ. ಆದರೆ ಅಷ್ಟರೊಳಗೆ ಅವನ ಫೈಲಿನ ಮೇಲ್ಭಾಗದಲ್ಲಿ ಹತ್ತು ಸಾಲು ಹೊಸದಾಗಿ ಸೇರಿ, ಕೆಳಗಿನದೆಲ್ಲ ಜರುಗಿದ್ದರೆ? ಅದಕ್ಕಾಗಿ ಬದಲಾದ ಸಾಲಿನ ಜೊತೆಗೆ ಅದರ ಹಿಂದುಮುಂದಿನ ಕೆಲವು ಸಾಲುಗಳನ್ನೂ ಕಳಿಸುವ ರೂಢಿ ಇದೆ. 'ದೇವಸ್ಥಾನದ ಎಡಕ್ಕೆ, ಅಂಚೆ ಕಚೇರಿಯ ಎದುರಿಗೆ' ಎಂದು ಮನೆಯ ಗುರುತು ಹೇಳುತ್ತೇವಲ್ಲ, ಹಾಗೆ. ಮನೆಯ ನಂಬರು ತಪ್ಪಿದರೂ ಈ ನೆರೆಹೊರೆಯನ್ನು ಹುಡುಕಿ ಪ್ಯಾಚ್ ಜಾಗ ಪತ್ತೆಮಾಡುತ್ತದೆ. ಸಿಗದಿದ್ದರೆ ಆ ತುಣುಕನ್ನು ಬೇರೆ ಫೈಲಿನಲ್ಲಿ ತೆಗೆದಿಟ್ಟು ಹೇಳುತ್ತದೆ. ಎಲ್ಲೋ ಒಂದು ಕಡೆ ತುರುಕಿ ಸುಮ್ಮನಾಗುವುದಿಲ್ಲ.

ಮರುವರ್ಷ, 1986ರಲ್ಲಿ, ನೆದರ್ಲೆಂಡ್ಸ್‌ನ ಆಮ್‌ಸ್ಟರ್‌ಡಾಮಿನಲ್ಲಿ ನಡೆದದ್ದು ನನಗೆ ಬಹಳ ಇಷ್ಟವಾದ ಸಂಗತಿ. ಅಲ್ಲಿನ ವಿಶ್ವವಿದ್ಯಾಲಯದ ಅಧ್ಯಾಪಕ ಡಿಕ್ ಗ್ರೂನ್ ಮತ್ತು ಅವರ ಇಬ್ಬರು ವಿದ್ಯಾರ್ಥಿಗಳು ಸೇರಿ ಒಂದು ದೊಡ್ಡ ಪ್ರೋಗ್ರಾಂ ಬರೆಯುತ್ತಿದ್ದರು. ಮೂವರ ದಿನಚರಿ ಒಂದಕ್ಕೊಂದು ಹೊಂದುತ್ತಿರಲಿಲ್ಲ. ಆಗ ಇದ್ದ ವ್ಯವಸ್ಥೆಗಳಲ್ಲಿ ಒಬ್ಬರು ಫೈಲನ್ನು ಎತ್ತಿಕೊಂಡರೆ ಅದಕ್ಕೆ ಬೀಗ. ಅವರು ವಾಪಸು ಇಡುವವರೆಗೆ ಮತ್ತೊಬ್ಬರು ತಿದ್ದುವಂತಿಲ್ಲ. ಗ್ರಂಥಾಲಯದಲ್ಲಿ ಇರುವ ಒಂದೇ ಪ್ರತಿಯನ್ನು ಸಹಪಾಠಿ ತೆಗೆದುಕೊಂಡು ಹೋದ ಹಾಗೆ. ಗ್ರೂನ್ ಬೀಗವನ್ನೇ ತೆಗೆದರು. ಮೂವರೂ ತಮ್ಮ ತಮ್ಮ ಪ್ರತಿಯಲ್ಲಿ, ತಮ್ಮ ತಮ್ಮ ಹೊತ್ತಿನಲ್ಲಿ ತಿದ್ದಲಿ, ಆಮೇಲೆ ಕೂಡಿಸೋಣ ಎಂದರು. ಹೀಗೆ ಹುಟ್ಟಿದ್ದು ಸಿವಿಎಸ್. ಒಬ್ಬ ಮೇಷ್ಟ್ರು, ಇಬ್ಬರು ಹುಡುಗರು, ಒಂದು ಪ್ರಾಯೋಗಿಕ ತೊಂದರೆ; ಮುಂದೆ ಎಷ್ಟೋ ವರ್ಷ ಜಗತ್ತಿನಾದ್ಯಂತ ತಂತ್ರಾಂಶ ಬರೆಯುವವರು ಅದನ್ನು ಬಳಸಿದರು.

ಲಿನಕ್ಸ್ ಹೆಸರು ನೀವು ಕೇಳಿರುತ್ತೀರಿ. ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ತೊರ್ವಾಲ್ಡ್ಸ್ 1991ರಲ್ಲಿ ಅದನ್ನು ಆರಂಭಿಸಿದಾಗಿನಿಂದ ಅನೇಕ ವರ್ಷ, ಬೇರೆ ಬೇರೆ ದೇಶಗಳ ಜನ ಇ-ಮೇಲಿನಲ್ಲಿ ಕಳಿಸಿದ ತೇಪೆಗಳನ್ನು ಅವರು ತಾವೇ ಪರಿಶೀಲಿಸಿ ಮೂಲಕ್ಕೆ ಸೇರಿಸುತ್ತಿದ್ದರು. ಆ ಮೇಲೆ 2002ರಿಂದ ಒಂದು ಖಾಸಗಿ ಕಂಪನಿಯ ವ್ಯವಸ್ಥೆಯನ್ನು ಬಳಸಿದರು. ಅದರ ಉಚಿತ ಬಳಕೆಯ ಅವಕಾಶ 2005ರಲ್ಲಿ ತಪ್ಪಿದಾಗ, ಆ ವರ್ಷದ ಏಪ್ರಿಲಿನಲ್ಲಿ ತಾವೇ 'ಗಿಟ್' ಎಂಬುದನ್ನು ಬರೆಯಲು ಕುಳಿತರು. ಇಂದು ತಂತ್ರಾಂಶ ಬರೆಯುವವರಲ್ಲಿ ಬಹುಪಾಲು ಜನ ಬಳಸುವುದು ಅದನ್ನೇ. ನಮ್ಮ ವಿಷಯಕ್ಕೆ ಅದರಲ್ಲಿ ಮುಖ್ಯವಾದದ್ದು ಒಂದು. ನೀವು ಉಳಿಸಿದ ಪ್ರತಿಯೊಂದು ಆವೃತ್ತಿಯ ಜೊತೆಗೆ, ಅದು ಯಾವ ಆವೃತ್ತಿಯಿಂದ ಹುಟ್ಟಿತು ಎಂಬುದನ್ನೂ ಗಿಟ್ ಬರೆದಿಡುತ್ತದೆ, ವಂಶವೃಕ್ಷದ ಹಾಗೆ. ಎರಡು ಪ್ರತಿಗಳನ್ನು ಕೂಡಿಸಬೇಕಾದಾಗ ಆ ವೃಕ್ಷದಲ್ಲಿ ಹಿಂದಕ್ಕೆ ನಡೆದು ಎರಡಕ್ಕೂ ಸಮಾನನಾದ ಪೂರ್ವಜನನ್ನು ತಾನೇ ಹುಡುಕುತ್ತದೆ. ಅಂದರೆ ಹೊರಟ ಪ್ರತಿಯನ್ನು ಎಸೆಯಲು ನನ್ನಂಥವನಿಗೆ ಅವಕಾಶವನ್ನೇ ಕೊಡುವುದಿಲ್ಲ.

ಹಾಗಾದರೆ ಯಂತ್ರಕ್ಕೆ ಒಪ್ಪಿಸಿ ನಿಶ್ಚಿಂತೆಯಿಂದ ಇರಬಹುದೆ? ಇರಲಾಗದು. ತಿಕ್ಕಾಟ ಬಂದಾಗ ನಮಗೆ ಎಚ್ಚರಿಕೆಯಾದರೂ ಸಿಗುತ್ತದೆ. ಫೈಲಿನೊಳಗೆ ಎದ್ದು ಕಾಣುವ ಗುರುತುಗಳ ಸಾಲು ಹಾಕಿ ಇಬ್ಬರ ಮಾತನ್ನೂ ಒಂದರ ಕೆಳಗೊಂದು ತೋರಿಸಿರುತ್ತದೆ. ಭಯಪಡಬೇಕಾದದ್ದು ಎಚ್ಚರಿಕೆ ಇಲ್ಲದೆ ಸಲೀಸಾಗಿ ಕೂಡಿಕೊಂಡಾಗ. ಮೇಷ್ಟ್ರು ಮೂರನೆಯ ಪುಟದಲ್ಲಿ ಆಮ್ಲದ ಪ್ರಮಾಣವನ್ನು 10 ಮಿಲಿಲೀಟರಿನಿಂದ 5ಕ್ಕೆ ಇಳಿಸುತ್ತಾರೆ. ಅದೇ ಹೊತ್ತಿನಲ್ಲಿ ಮೇಡಂ ಒಂಬತ್ತನೆಯ ಪುಟಕ್ಕೆ ಹೊಸ ಲೆಕ್ಕವೊಂದನ್ನು ಸೇರಿಸುತ್ತಾರೆ; ಅದರ ಆಧಾರ ಹಳೆಯ 10 ಮಿಲಿಲೀಟರ್. ಸಾಲುಗಳು ದೂರದೂರ. ಕೂಡಿಕೆ ಸುಸೂತ್ರ. ಯಂತ್ರ ಒಂದು ಮಾತನ್ನೂ ಆಡುವುದಿಲ್ಲ. ಆದರೆ ಪುಸ್ತಕ ತಪ್ಪು. ಯಂತ್ರ ನೋಡುವುದು ಸಾಲುಗಳನ್ನು, ಅರ್ಥವನ್ನಲ್ಲ. ಆದ್ದರಿಂದ ಕೂಡಿಸಿದ ಮೇಲೆ ಯಾರಾದರೂ ಒಬ್ಬರು ಆದಿಯಿಂದ ಅಂತ್ಯದವರೆಗೆ ಒಮ್ಮೆ ಓದಲೇಬೇಕು. ಪ್ರೋಗ್ರಾಂ ಬರೆಯುವವರಿಗೆ ಪರೀಕ್ಷೆ ಓಡಿಸಿ ನೋಡುವ ಅನುಕೂಲವಿದೆ. ಗದ್ಯ ಬರೆಯುವ ನಮಗೆ ಅದಿಲ್ಲ, ಕಣ್ಣೇ ಗತಿ.

ಗದ್ಯಕ್ಕೆ ಇನ್ನೊಂದು ತೊಂದರೆ ಇದೆ. ಪ್ರೋಗ್ರಾಮಿನಲ್ಲಿ ಸಾಲುಗಳು ಚಿಕ್ಕವು. ಗದ್ಯದಲ್ಲಿ ನಾವು ಒಂದು ಪ್ಯಾರಾ ಪೂರ್ತಿ ಎಂಟರ್ ಕೀಲಿ ಒತ್ತದೆ ಬರೆಯುತ್ತೇವೆ. ತೆರೆಯ ಮೇಲೆ ಹತ್ತು ಸಾಲಾಗಿ ಕಂಡರೂ ಕಂಪ್ಯೂಟರಿನ ಲೆಕ್ಕದಲ್ಲಿ ಅದು ಒಂದೇ ಸಾಲು. ಮೇಷ್ಟ್ರು ಅದರ ಮೊದಲಲ್ಲಿ ಒಂದು ಅಲ್ಪವಿರಾಮ ಹಾಕಿ, ಮೇಡಂ ಕೊನೆಯಲ್ಲಿ ಒಂದು ಪದ ಬದಲಿಸಿದರೆ, ಇಬ್ಬರೂ 'ಅದೇ ಸಾಲನ್ನು' ತಿದ್ದಿದಂತೆ ಆಗಿ ತಿಕ್ಕಾಟ ಏಳುತ್ತದೆ. ಪದ ಪದವಾಗಿ ಹೋಲಿಸುವ ಸಲಕರಣೆಗಳೂ ಇವೆ, ನಿಜ. ಅದಕ್ಕಿಂತ ಸುಲಭವಾದ ಪರಿಹಾರ, ಮೂಲ ಪಠ್ಯದಲ್ಲಿ ಪ್ರತಿ ವಾಕ್ಯವನ್ನೂ ಹೊಸ ಸಾಲಿನಿಂದ ಆರಂಭಿಸುವುದು. ಬೆಲ್ ಪ್ರಯೋಗಾಲಯದ ಬ್ರಯಾನ್ ಕರ್ನಿಗನ್ 1970ರ ದಶಕದಲ್ಲೇ ಯುನಿಕ್ಸ್ ಕಲಿಯುವವರಿಗೆ ಈ ಸಲಹೆ ಕೊಟ್ಟಿದ್ದರು. ಪುಟ ಅಂದಗೆಡುತ್ತದೆ ಎಂದು ಹೆದರಬೇಡಿ. ಟೆಕ್‌ನಂಥ ವ್ಯವಸ್ಥೆಗಳು ಒಂಟಿ ಸಾಲುಮುರಿತವನ್ನು ಬರಿಯ ಜಾಗವೆಂದು ಎಣಿಸಿ ಅಚ್ಚಿನಲ್ಲಿ ಪ್ಯಾರಾವನ್ನು ಕೂಡಿಸಿಕೊಳ್ಳುತ್ತವೆ; ಖಾಲಿ ಸಾಲು ಬಿಟ್ಟರಷ್ಟೇ ಹೊಸ ಪ್ಯಾರಾ. ನಾನು ಈಗ ಹೀಗೆಯೇ ಬರೆಯುತ್ತೇನೆ. ಇದರಿಂದ ನನಗೆ ಇನ್ನೊಂದು ಲಾಭವೂ ಆಯಿತು: ನನ್ನ ವಾಕ್ಯಗಳು ಎಷ್ಟು ಉದ್ದ ಎಂಬುದು ಕಣ್ಣಿಗೆ ರಾಚಿತು.

ಕನ್ನಡದಲ್ಲಿ ಬರೆಯುವವರಿಗೆಂದೇ ಮೀಸಲಾದ ಕೆಲವು ಕಷ್ಟಗಳನ್ನೂ ಹೇಳಬೇಕು. ಕಣ್ಣಿಗೆ ಒಂದೇ ಆಗಿ ಕಾಣುವ ಎರಡು ಅಕ್ಷರಗಳು ಕಂಪ್ಯೂಟರಿಗೆ ಬೇರೆಯಾಗಿರಬಹುದು. ಯುನಿಕೋಡ್ ಎಂಬ ಜಾಗತಿಕ ಸಂಕೇತ ಪಟ್ಟಿಯಲ್ಲಿ ಕನ್ನಡ 1991ರ ಮೊದಲ ಆವೃತ್ತಿಯಿಂದಲೂ ಇದೆ. ಅದರಲ್ಲಿ 'ಕೊ' ಎಂಬುದನ್ನು ಎರಡು ರೀತಿ ಬರೆಯಬಹುದು: 'ಕ'ಕಾರಕ್ಕೆ ಒತ್ವದ ಒಂದೇ ಸಂಕೇತ ಸೇರಿಸಬಹುದು, ಇಲ್ಲವೆ ಎತ್ವ, ಊತ್ವದ ದೀರ್ಘ ಗುರುತು ಎಂಬ ಎರಡನ್ನು ಒಂದರ ಹಿಂದೊಂದು ಸೇರಿಸಬಹುದು. ತೆರೆಯ ಮೇಲೆ ಎರಡೂ 'ಕೊ'. ಡಿಫ್‌ಗೆ ಮಾತ್ರ ಎರಡೂ ಬೇರೆ. ಒಬ್ಬರ ಕಂಪ್ಯೂಟರು ಒಂದು ರೀತಿ, ಇನ್ನೊಬ್ಬರದು ಇನ್ನೊಂದು ರೀತಿ ಉಳಿಸಿದರೆ, ಯಾರೂ ಮುಟ್ಟದ ನೂರಾರು ಸಾಲುಗಳು ಬದಲಾದಂತೆ ತೋರುತ್ತವೆ. ನಿಜವಾದ ಒಂದು ತಿದ್ದುಪಡಿ ಆ ಜಾತ್ರೆಯಲ್ಲಿ ಕಳೆದುಹೋಗುತ್ತದೆ. ಇಂಥ ಜೋಡಿಗಳು ಸಮಾನವೆಂದು ಯುನಿಕೋಡೇ ಹೇಳಿದೆ. ಎಲ್ಲವನ್ನೂ ಒಂದೇ ರೂಪಕ್ಕೆ ತರುವ ವಿಧಾನವನ್ನೂ ಕೊಟ್ಟಿದೆ. ಹೋಲಿಸುವ ಮೊದಲು ಎಲ್ಲ ಪ್ರತಿಗಳನ್ನೂ ಆ ಒಂದು ರೂಪಕ್ಕೆ ತಂದುಕೊಳ್ಳಬೇಕು.

ಇದಕ್ಕಿಂತ ತಮಾಷೆಯದು ಸೊನ್ನೆಯ ಕಥೆ. ಅನುಸ್ವಾರಕ್ಕೆ ಬದಲಾಗಿ ಕನ್ನಡದ ಅಂಕಿ ಸೊನ್ನೆಯನ್ನು ಒತ್ತುವವರು ನಮ್ಮಲ್ಲಿ ಕಡಿಮೆಯಿಲ್ಲ. 'ಬಂತು' ಎಂದು ಒಬ್ಬರು ಬರೆದರೆ 'ಬ೦ತು' ಎಂದು ಇನ್ನೊಬ್ಬರು ಬರೆಯುತ್ತಾರೆ. ಈ ಎರಡನ್ನೂ ಮತ್ತೊಮ್ಮೆ ನೋಡಿ, ವ್ಯತ್ಯಾಸ ಕಂಡಿತೆ? ಇವನ್ನು ಯುನಿಕೋಡ್ ಸಮಾನವೆಂದು ಒಪ್ಪುವುದಿಲ್ಲ, ಒಪ್ಪಬಾರದು ಕೂಡ, ಏಕೆಂದರೆ ಒಂದು ಅಕ್ಷರದ ಗುರುತು, ಇನ್ನೊಂದು ಅಂಕಿ. ಇದನ್ನು ಹುಡುಕಿ ತಿದ್ದುವುದೊಂದೇ ದಾರಿ. ಇನ್ನು ಹಳೆಯ ಫಾಂಟುಗಳಲ್ಲಿ ಟೈಪು ಮಾಡಿದ ಫೈಲುಗಳನ್ನು ಯುನಿಕೋಡಿಗೆ ಪರಿವರ್ತಿಸುವ ಕೆಲಸವಿದ್ದರೆ, ಅದನ್ನು ತಿದ್ದುವ ಕೆಲಸದೊಂದಿಗೆ ಬೆರೆಸಲೇಬಾರದು. ಮೊದಲು ಪರಿವರ್ತಿಸಿ, ಅದನ್ನು ಉಳಿಸಿ, ಆ ಪ್ರತಿಯನ್ನೇ ಹೊರಟ ಪ್ರತಿಯೆಂದು ಎಲ್ಲರಿಗೂ ಹಂಚಿ.

ಈಗ ಕೊನೆಯ ಪ್ರಶ್ನೆ. ನಿಮ್ಮ ಜೊತೆಗಾರರಿಗೆ ಈ ಡಿಫ್, ಗಿಟ್ ಯಾವುದೂ ಬೇಡ. ಅವರು ವರ್ಡ್‌ನಲ್ಲಿ ತಿದ್ದುತ್ತಾರೆ, ಅಥವಾ ಕಾಗದದ ಮೇಲೆ ಕೆಂಪು ಶಾಯಿಯಲ್ಲಿ ತಿದ್ದುತ್ತಾರೆ. ಹಿರಿಯರಿಗೆ ನಾವು ಹೊಸ ಸಲಕರಣೆ ಕಲಿಯಿರಿ ಎಂದು ಹೇಳುವಂತಿಲ್ಲ, ಹೇಳಬೇಕಾದ್ದೂ ಇಲ್ಲ. ಅವರ ಕೆಲಸ ತಿದ್ದುವುದು. ಹೊತ್ತು ತರುವುದು ನಮ್ಮ ಕೆಲಸ. ಮೂಲ ಪಠ್ಯದಿಂದ ವರ್ಡ್ ಫೈಲನ್ನು ತಯಾರಿಸಿ ಕಳಿಸುತ್ತೇವೆ. ಅದು ವಾಪಸು ಬಂದಾಗ ಇಡೀ ಫೈಲನ್ನು ಪುನಃ ಸರಳ ಪಠ್ಯಕ್ಕೆ ಬದಲಾಯಿಸಿ ಮೂಲದ ಜಾಗದಲ್ಲಿ ಇಡುವುದು ಆಕರ್ಷಕವಾಗಿ ಕಾಣುತ್ತದೆ. ಆದರೆ ಈ ಹೋಗಿಬರುವ ಪಯಣದಲ್ಲಿ ಸಮೀಕರಣಗಳು, ಅಡ್ಡ ಉಲ್ಲೇಖಗಳು, ಸಾಲು ಮುರಿದ ರೀತಿ ಎಲ್ಲ ಬೇರೆಯಾಗಿಬಿಡುತ್ತವೆ. ಅದರ ಬದಲು ಹೀಗೆ ಮಾಡಿ. ನೀವು ಕಳಿಸಿದ ವರ್ಡ್ ಫೈಲಿನ ಒಂದು ನಕಲು ನಿಮ್ಮ ಬಳಿ ಇರಲಿ. ಕಳಿಸಿದ್ದನ್ನೂ ಬಂದದ್ದನ್ನೂ ಎರಡನ್ನೂ ಒಂದೇ ಸಲಕರಣೆಯಿಂದ ಸರಳ ಪಠ್ಯಕ್ಕೆ ಇಳಿಸಿ. ಪಯಣದಲ್ಲಿ ಆಗುವ ಹಾನಿ ಎರಡಕ್ಕೂ ಒಂದೇ ರೀತಿ ಆಗಿರುವುದರಿಂದ, ಆ ಎರಡರ ನಡುವಣ ವ್ಯತ್ಯಾಸ ಬಹುಮಟ್ಟಿಗೆ ಅವರು ತಿದ್ದಿದ್ದಷ್ಟೇ ಆಗಿರುತ್ತದೆ. ಆ ವ್ಯತ್ಯಾಸಗಳನ್ನು ಒಂದೊಂದಾಗಿ ಓದಿ, ಒಪ್ಪಿ, ಮೂಲಕ್ಕೆ ಸೇರಿಸಿ. ಕಾಗದವಾದರೆ, ಪ್ರತಿ ಪುಟದ ಅಡಿಯಲ್ಲಿ ಯಾವ ದಿನದ ಪ್ರತಿ ಎಂಬುದು ಅಚ್ಚಾಗಿರಲಿ. ಕೆಂಪು ಶಾಯಿಯ ಗುರುತು ಯಾವ ಪಠ್ಯದ ಮೇಲೆ ಬಿದ್ದದ್ದು ಎಂಬುದು ಆಗ ಎರಡು ತಿಂಗಳ ಮೇಲೂ ತಿಳಿಯುತ್ತದೆ. ಯಾರ ತಿದ್ದುಪಡಿಯನ್ನಾದರೂ ಒಪ್ಪದೆ ಬಿಟ್ಟರೆ ಅವರಿಗೆ ಅದನ್ನು ಹೇಳುವುದೂ ಈ ಕೆಲಸದ ಭಾಗವೇ. ಹೇಳದೆ ಬಿಟ್ಟರೆ ಮುಂದಿನ ಸಲ ಅವರು ಅದೇ ಸಾಲನ್ನು ಮತ್ತೆ ತಿದ್ದಿ ಕಳಿಸುತ್ತಾರೆ, ಇಲ್ಲವೆ ಓದುವುದನ್ನೇ ನಿಲ್ಲಿಸುತ್ತಾರೆ.

ನಮ್ಮ ಕೈಪಿಡಿಗೆ ಮರುವರ್ಷ ಎರಡನೆಯ ಆವೃತ್ತಿ ಬಂತು. ಈ ಸಲ ಸೋಮವಾರದ ಪ್ರತಿಗೆ ದಿನಾಂಕ ಹಾಕಿ ಬೇರೆ ಕಡೆ ಭದ್ರವಾಗಿಟ್ಟೆ. ಕೂಡಿಸುವಾಗ ಎಲ್ಲವೂ ಸಲೀಸಾಗಿ ಸೇರಿ, ಒಂದೇ ಒಂದು ಕಡೆ ತಿಕ್ಕಾಟ ಬಂತು. ಅದೂ ಆ ಗಂಧಕಾಮ್ಲದ ಸಾಲಿನಲ್ಲೇ. ಮೇಷ್ಟ್ರು 'ಹನಿಹನಿಯಾಗಿ' ಎಂದು ಸೇರಿಸಿದ್ದರು. ಮೇಡಂ 'ಬೀಕರನ್ನು ತಣ್ಣೀರಿನ ತಟ್ಟೆಯಲ್ಲಿಟ್ಟು' ಎಂದು ಸೇರಿಸಿದ್ದರು. ಎರಡೂ ಬೇಕಾದವೇ. ಇಬ್ಬರಿಗೂ ಫೋನು ಮಾಡಿ ಎರಡನ್ನೂ ಸೇರಿಸಿ ವಾಕ್ಯ ಬರೆದೆವು. ಜೆರಾಕ್ಸಿಗೆ ಕೊಡುವ ಮುಂಚೆ ಆ ಪುಟವನ್ನು ಅಟೆಂಡರಿಗೆ ತೋರಿಸಿದೆ. ಅವರು ನಿಧಾನವಾಗಿ ಓದಿ, "ಕನ್ನಡಕ ಹಾಕ್ಕೊಳ್ಳಿ ಅಂತ ಎಲ್ಲೂ ಇಲ್ಲವಲ್ಲ ಸಾರ್" ಎಂದರು. ಮೂವರು ಅಧ್ಯಾಪಕರು ಎರಡು ವರ್ಷ ತಿದ್ದಿದರೂ ಬಿಟ್ಟುಹೋಗಿದ್ದ ಮಾತು ಅದು. ಈಗ ಅದು ಆ ಪ್ರಯೋಗದ ಮೊದಲನೆಯ ಸಾಲಾಗಿದೆ.